‘ಏನ್ ಉಂಡಿ?’ ಅಂತ ಕೇಳುತ್ತಿದ್ದ ಟೀಚರ್

ನಮ್ಮ ಕಡೆ ಯಾರು ಎಲ್ಲಿ ಸಿಕ್ಕರೂ ಮೊದಲ ಮಾತು ಎರಡರಲ್ಲಿ ಒಂದಾಗಿರುತ್ತದೆ. ಒಂದು, ‘ಊಟ ಆತೇನ್ರಿ?’ ಇನ್ನೊಂದು, ‘ಭಾಳ ದಪ್ಪ ಆಗೀರಲ್ಲ?’ ಅಥವಾ ಅದರ ತಂಗಿ, ‘ಯಾಕ್ರಿ, ಹಿಂಗ್ಯಾಕ ಸೊರಗೀರಿ?’ ಮೊದಲನೆಯದಕ್ಕೆ ಯಾರೂ ಉತ್ತರಕ್ಕಾಗಿ ಕಾಯುವುದಿಲ್ಲ. ಎರಡನೆಯದಕ್ಕೆ ಏನು ಉತ್ತರ ಕೊಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಪಿ.ಟಿ. ಟೀಚರ್ ಈ ಎರಡನೆಯ ಮಾತನ್ನು ಯಾರಿಗೂ ಆಡಿದ್ದನ್ನು ನಾನು ಕೇಳಿಲ್ಲ. ಮೊದಲನೆಯದನ್ನು ಕೇಳಿದರೆ ಮಾತ್ರ ಅಷ್ಟಕ್ಕೇ ಬಿಡುತ್ತಿರಲಿಲ್ಲ. ‘ಉಂಡಿ?’ ಎನ್ನುವರು. ‘ಉಂಡೇನ್ರಿ’ ಎಂದರೆ ‘ಏನ್ ಉಂಡಿ?’ ಎನ್ನುವರು. ಆಮೇಲೆ ಉತ್ತರ ಬರುವ ತನಕ ಎದುರಿಗೆ ನಿಂತುಬಿಡುವರು.

ಅವರು ತೀರಿಕೊಂಡ ಮೇಲೆ ನರೋಣಾದ ನಮ್ಮ ಶಾಲೆಯಲ್ಲಿ ಒಂದು ಸಭೆ ಆಯಿತು. ಫೋಟೋಕ್ಕೆ ಹಾರ ಹಾಕಿ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಶಿಸ್ತಿನ ಸಿಪಾಯಿ ಎಂದರು, ಸಮಯಪಾಲನೆಗೆ ಇನ್ನೊಂದು ಹೆಸರು ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಒಳಗೊಳಗೇ ಕುದಿಯುತ್ತಿದ್ದೆ. ಸಮಯಪಾಲನೆಯಂತೆ! ಆ ಹೆಂಗಸು ಒಂದು ದಿನವಾದರೂ ಪ್ರಾರ್ಥನೆಗೆ ಮೊದಲು ಬಂದದ್ದಿದ್ದರೆ ಅವತ್ತು ಬಸ್ಸೇ ಅಪ್ಪಿತಪ್ಪಿ ಬೇಗ ಬಂದಿತ್ತು ಎಂದರ್ಥ. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಸರಿ. ಆದರೆ ಬೇರೆ ಯಾರದೋ ಒಳ್ಳೆಯ ಮಾತುಗಳನ್ನು ತಂದು ಇವರಿಗೆ ಹೊಂದಿಸಿದರೆ ಇವರು ಎಲ್ಲಿ ಹೋದರು? ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಆ ಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ಇಬ್ಬರ ಮನೆಯೂ ಆಳಂದದಲ್ಲಿ, ಹಾಗಾಗಿ ದಿನಾ ಒಂದೇ ಬಸ್ಸು. ಅವರು ಹುಟ್ಟಿ ಬೆಳೆದದ್ದು ಅಫಜಲಪುರದ ಕಡೆ, ಭೀಮಾ ನದಿಯ ದಂಡೆಯ ಒಂದು ಊರಿನಲ್ಲಿ. ಗಂಡನ ನೌಕರಿಗೆಂದು ಆಳಂದಕ್ಕೆ ಬಂದು ಇಲ್ಲಿಯೇ ನಿಂತಿದ್ದರು. ಇಳಕಲ್ಲ ಸೀರೆ ಉಟ್ಟು, ಅದರ ಕೆಳಗೆ ಬಿಳಿ ಬೂಟು ಹಾಕಿಕೊಂಡು, ಕೊರಳಲ್ಲಿ ತಾಳಿಯ ಜೊತೆಗೆ ಸೀಟಿ ನೇತುಬಿಟ್ಟುಕೊಂಡು ಬರುವರು. ತಾಳಿ ಒಳಗೆ, ಸೀಟಿ ಹೊರಗೆ. ಮಕ್ಕಳು ಅವರಿಗೆ ಸೀಟಿ ಟೀಚರ್ ಎಂದೇ ಹೆಸರಿಟ್ಟಿದ್ದರು. ಆ ಸೀಟಿಗೆ ಮಕ್ಕಳಿಗಿಂತ ಹೆಚ್ಚು ಹೆದರುತ್ತಿದ್ದವರು ಡ್ರೈವರುಗಳು. ಬಸ್ಸು ಹೊರಟುಬಿಟ್ಟಿದೆ ಎನ್ನಿ, ಟೀಚರ್ ರಸ್ತೆಯ ಆ ಕಡೆಯಿಂದಲೇ ಜೋರಾಗಿ ಸೀಟಿ ಊದುವರು. ಕಂಡಕ್ಟರನೇ ಊದಿದನೆಂದು ಡ್ರೈವರು ಬ್ರೇಕು ಹಾಕುವನು. ಹತ್ತಿದ ಮೇಲೆ ಕಂಡಕ್ಟರ್ ಸಿಟ್ಟಾದರೆ, ‘ನಿಂದರಸೋ ಕೆಲಸ ನಿಂದಽ ಇತ್ತು ತಮ್ಮಾ. ನಾ ಮಾಡಿಕೊಟ್ಟೇನಿ’ ಎಂದು ಕೂತುಬಿಡುವರು. ಕೂತ ಕೂಡಲೇ ನಿದ್ದೆ. ಪಕ್ಕದವರ ಭುಜ ಯಾರದೆಂದು ನೋಡುತ್ತಿರಲಿಲ್ಲ, ತಲೆ ಇಡುವರು. ಹೆಚ್ಚು ದಿನ ಅದು ನನ್ನ ಭುಜವೇ ಆಗಿತ್ತು. ಅವರು ತಲೆಗೆ ಹಚ್ಚುತ್ತಿದ್ದ ಎಣ್ಣೆಯ ಕಲೆ ನನ್ನ ಒಂದೆರಡು ಕುಪ್ಪಸಗಳ ಮೇಲೆ ಈಗಲೂ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಅವರು ದಪ್ಪಗಿದ್ದರು. ಪಿ.ಟಿ. ಟೀಚರು ದಪ್ಪಗಿದ್ದರೆ ಊರಿಗೆ ಎಷ್ಟು ಖುಷಿಯಾಗುತ್ತದೆ ಎಂದು ಹೇಳಬೇಕಿಲ್ಲ. ಶಾಲೆಗೆ ಬಂದ ಸಾಹೇಬರೊಬ್ಬರು ನಗುತ್ತಾ, ‘ಏನ್ರಿ ಟೀಚರ್, ಮಕ್ಕಳಿಗೆ ವ್ಯಾಯಾಮ ನೀವೇ ಹೇಳಿಕೊಡ್ತೀರಾ?’ ಎಂದು ಕೇಳಿದಾಗ ನಮಗೆಲ್ಲ ನೆಲ ಬಿರಿದರೆ ಸಾಕು ಅನ್ನಿಸಿತು. ಇವರು ಮಾತ್ರ ನಗುತ್ತಲೇ, ‘ಹೌದ್ರಿ ಸಾಹೇಬ್ರ. ನಾ ಮೈಲಗಲ್ಲ ಇದ್ದಂಗ. ಅಫಜಲಪುರ ಎಷ್ಟ ದೂರ ಅದ ಅಂತ ಹೇಳ್ತದ, ತಾ ಹೋಗಂಗಿಲ್ಲ’ ಎಂದರು.

ದೋಷಗಳು ಬೇಕಾದಷ್ಟಿದ್ದವು. ಬೇರೆ ಶಾಲೆಯ ಮೇಲೆ ಖೋಖೋ ಪಂದ್ಯವಾದರೆ ನಮ್ಮ ಹುಡುಗಿಯರು ಔಟಾದದ್ದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನನ್ನ ಕೊಡೆ ಒಯ್ದವರು ಅದನ್ನು ತಮ್ಮದೇ ಎಂದು ವಾದಿಸಿ ನನಗೂ ಹಾಗೇ ಅನ್ನಿಸುವಂತೆ ಮಾಡಿದ್ದರು. ಸಿಟ್ಟು ಬಂದರೆ ಹೆಡ್‌ಮಾಸ್ತರರ ಎದುರೂ ಸೀಟಿ ಊದುವರು. ಇದನ್ನೆಲ್ಲ ಸಭೆಯಲ್ಲಿ ಯಾರೂ ಹೇಳಲಿಲ್ಲ. ಪಲ್ಲವಿಯ ವಿಷಯವನ್ನೂ ಹೇಳಲಿಲ್ಲ, ಏಕೆಂದರೆ ಅದು ಯಾರಿಗೂ ಗೊತ್ತಿಲ್ಲ.

ಪಲ್ಲವಿ ಜೇವರ್ಗಿಯಲ್ಲಿರುವ ನಮ್ಮಕ್ಕನ ಮಗಳು. ಅಲ್ಲಿ ಮನೆ ತುಂಬ ಮಂದಿ, ಓದಲು ಒಂದು ಮೂಲೆಯೂ ಇಲ್ಲ ಎಂದು ಅಕ್ಕ ಆಕೆಯನ್ನು ನನ್ನ ಹತ್ತಿರ ಬಿಟ್ಟಿದ್ದಳು. ನನ್ನ ಜೊತೆಗೇ ಬಸ್ಸಿನಲ್ಲಿ ನರೋಣಾಕ್ಕೆ ಬಂದು ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಮೊದಲೇ ತುಂಬಿದ ಮೈ. ನಮ್ಮ ಮನೆಗೆ ಬಂದ ಮೇಲೆ ಇನ್ನಷ್ಟು ತುಂಬಿಕೊಂಡಳು. ಅದಕ್ಕೆ ಕಾರಣ ನಮ್ಮತ್ತೆ. ಅತ್ತೆಗೆ ಪ್ರೀತಿ ತೋರಿಸಲು ಗೊತ್ತಿದ್ದದ್ದು ಒಂದೇ ದಾರಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ. ಬೇಡ ಎಂದರೆ ಎರಡು ಮುದ್ದೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಮ್ಮ ಮನೆಯವರು ಹುಡುಗಿ ದಣಿದಿರುತ್ತಾಳೆಂದು ಮಿರ್ಚಿ ಭಜ್ಜಿ ಕಟ್ಟಿಸಿಕೊಂಡು ನಿಂತಿರುವರು. ಮನೆಗೆ ಆಟೋ. ಮನೆಯಲ್ಲಿ ಮೊಬೈಲು.

ಶಾಲೆಯಲ್ಲಿ ಹುಡುಗರು ಆಕೆಗೆ ‘ಡ್ರಮ್ಮು’ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಬೈದು ಬಾಯಿ ಮುಚ್ಚಿಸಿದ್ದೆ. ದೊಡ್ಡವರ ಬಾಯಿ ಮುಚ್ಚಿಸುವುದು ಯಾರ ಕೈಲಾಗುತ್ತದೆ? ಒಂದು ತೊಟ್ಟಿಲ ಕಾರ್ಯಕ್ಕೆ ಹೋದಾಗ ಬಳಗದ ಹೆಂಗಸೊಬ್ಬಳು ಎಲ್ಲರ ನಡುವೆ ಪಲ್ಲವಿಯ ರಟ್ಟೆ ಹಿಡಿದು, ‘ಇದೇನ ಬೇ, ಅವ್ವನ ಜೋಡಿ ನಿಂತ್ರ ನೀನ ಅಕ್ಕ ಅಂತಾರ. ನಾಳಿ ವರ ಎಲ್ಲಿಂದ ತರೂದು?’ ಎಂದಳು. ಕೂತವರೆಲ್ಲ ನಕ್ಕರು. ಪಲ್ಲವಿಯೂ ನಕ್ಕಳು. ಆಕೆ ನಕ್ಕಳೆಂದು ನಾನು ಸುಮ್ಮನಾದೆ.

ಆಮೇಲೆ ಶ್ರಾವಣ ಬಂತು. ನಮ್ಮತ್ತೆ ಶ್ರಾವಣ ಪೂರ್ತಿ ಒಪ್ಪತ್ತು ಮಾಡುವವರು. ಸಂಜೆ ಲಿಂಗಪೂಜೆ ಆದ ಮೇಲೆ ಒಂದೇ ಊಟ. ಒಂದೇ ಊಟ ಎಂದೆನೇ ಹೊರತು ಹಗಲೆಲ್ಲ ಉಪವಾಸ ಎನ್ನಲಿಲ್ಲ. ಮುಂಜಾನೆ ಹಾಲು, ಆಮೇಲೆ ಬಾಳೆಹಣ್ಣು, ಮಧ್ಯಾಹ್ನ ಶೇಂಗಾ ಉಂಡಿ, ಸೋಮವಾರವಾದರೆ ಸಾಬೂದಾಣಿ ಖಿಚಡಿ, ಮೇಲೆ ಕರಿದ ಬಟಾಟಿ. ಪ್ರತಿ ವರ್ಷ ಶ್ರಾವಣದಿಂದ ಅತ್ತೆ ಇನ್ನಷ್ಟು ದುಂಡಗಾಗಿ ಹೊರಬರುವರು, ನಾವು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು. ಆ ವರ್ಷ ಪಲ್ಲವಿ, ‘ಆಯಿ, ನಿನ್ನ ಜೋಡಿ ನಾನೂ ಶ್ರಾವಣ ಹಿಡೀತೇನಿ’ ಎಂದಳು. ಅತ್ತೆಗೆ ಆಕಾಶ ಕೈಗೆ ಸಿಕ್ಕಿತು. ಈಗಿನ ಕಾಲದ ಹುಡುಗಿ, ಕೈಯಲ್ಲಿ ಮೊಬೈಲು ಹಿಡಿದವಳು, ತಾನಾಗಿ ವ್ರತ ಹಿಡಿಯುವುದೆಂದರೆ! ಓಣಿಗೆಲ್ಲ ಹೇಳಿ ಬಂದರು. ಜಿಡಗಾ ಮಠಕ್ಕೆ ಹೊರಟ ಹೆಂಗಸರು ನಮ್ಮ ಮನೆಗೆ ಬಂದು, ‘ಎಲ್ಲದಾಳ್ರಿ ನಿಮ್ಮ ಶರಣಿ?’ ಎಂದು ನೋಡಿ ಹೋಗುವರು. ತಮ್ಮ ಹೆಣ್ಣುಮಕ್ಕಳಿಗೆ ಪಲ್ಲವಿಯನ್ನು ತೋರಿಸಿ ಬುದ್ಧಿ ಹೇಳುವರು. ಹೋದ ತಿಂಗಳು ವರ ಎಲ್ಲಿಂದ ತರುವುದು ಎಂದಿದ್ದ ಹೆಂಗಸೇ ಬಂದು ಆಕೆಯ ಗದ್ದ ಹಿಡಿದು ಮುತ್ತಿಟ್ಟುಕೊಂಡಳು.

ಅತ್ತೆಯ ಶ್ರಾವಣಕ್ಕೂ ಪಲ್ಲವಿಯ ಶ್ರಾವಣಕ್ಕೂ ಒಂದು ಅಂತರವಿತ್ತು. ಪಲ್ಲವಿ ಹಾಲು ಕುಡಿಯುತ್ತಿರಲಿಲ್ಲ, ಹಣ್ಣು ಮುಟ್ಟುತ್ತಿರಲಿಲ್ಲ. ಸಂಜೆಯ ಊಟದಲ್ಲೂ ರೊಟ್ಟಿಯ ಒಂದು ತುಂಡು ಮುರಿದುಕೊಂಡು ‘ಪ್ರಸಾದಕ್ಕ ಇಷ್ಟ ಸಾಕು’ ಎನ್ನುವಳು. ಅದನ್ನು ಕಂಡು ಅತ್ತೆಗೆ ಇನ್ನೂ ಭಕ್ತಿ. ಹುಡುಗಿ ಸಣ್ಣಗಾಗುತ್ತಿದ್ದಳು. ಕಂಡವರೆಲ್ಲ ಮುಖದಲ್ಲಿ ತೇಜಸ್ಸು ಬಂದಿದೆ ಎಂದರು. ಬಂದದ್ದು ತೇಜಸ್ಸಲ್ಲ, ಬಿಳಿಚು. ಮನೆ ತುಂಬ ಕಣ್ಣಿದ್ದೂ ಅದು ನಮಗೆ ಕಾಣಲಿಲ್ಲ.

ಕಂಡದ್ದು ಸೀಟಿ ಟೀಚರಿಗೆ. ಪಲ್ಲವಿ ಎಂದರೆ ಆಟದ ಪೀರಿಯಡಿನಲ್ಲಿ ಹೊಟ್ಟೆನೋವೆಂದು ಬೇವಿನ ಗಿಡದ ಕೆಳಗೆ ಕೂರುವ ಹುಡುಗಿ. ಅಂಥವಳು ಅವತ್ತು ತಾನಾಗಿ ಖೋಖೋಕ್ಕೆ ನಿಂತಳು, ಓಡಿದರೆ ಮೈ ಇನ್ನೂ ಬೇಗ ಇಳಿಯುತ್ತದೆಂದು. ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ, ಹಿಂದಿನಿಂದ ಖೋ ಬಿತ್ತು. ಏಳಬೇಕು. ಎದ್ದಳು, ಆದರೆ ಪಕ್ಕದ ಹುಡುಗಿಯ ಹೆಗಲು ಹಿಡಿದು ಎದ್ದಳು. ಎದ್ದು ಒಂದು ಗಳಿಗೆ ಹಾಗೇ ನಿಂತಳು. ಟೀಚರ್ ಸೀಟಿ ಊದಿ ಆಟವನ್ನೇ ನಿಲ್ಲಿಸಿದರು. ಉಳಿದವರಿಗೆ ನೀರು ಕುಡಿಯಲು ಹೇಳಿ ಪಲ್ಲವಿಯನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ಕೂತಿದ್ದೆ, ಮಾತು ಕೇಳಿಸುತ್ತಿತ್ತು.

‘ಉಂಡಿ?’

‘ಉಂಡೇನ್ರಿ ಟೀಚರ್.’

‘ಏನ್ ಉಂಡಿ?’

ಪಲ್ಲವಿ ಸುಮ್ಮನೆ ನಿಂತಳು. ಟೀಚರೂ ನಿಂತರು. ಬಹಳ ಹೊತ್ತಿನ ಮೇಲೆ ಪಲ್ಲವಿ ‘ಶ್ರಾವಣ ಅದ್ರಿ’ ಎಂದಳು. ಟೀಚರ್ ತಮ್ಮ ಸೀಟಿಯನ್ನು ಬಿಚ್ಚಿ ಆಕೆಯ ಕೊರಳಿಗೆ ಹಾಕಿದರು. ‘ಇವತ್ತ ಆಡಬ್ಯಾಡ. ಆಡಿಸು. ಯಾರರೆ ತಪ್ಪ ಮಾಡಿದ್ರ ಜೋರಾಗಿ ಊದು’ ಎಂದು ಕುರ್ಚಿ ತರಿಸಿ ಕೂರಿಸಿದರು.

ಅವತ್ತು ಸಂಜೆ ಬಸ್ಸಿನಲ್ಲಿ ಟೀಚರ್ ನಿದ್ದೆ ಮಾಡಲಿಲ್ಲ. ಅದೇ ನನಗೆ ಮೊದಲ ಭಯ. ಪಲ್ಲವಿ ಮುಂದಿನ ಸೀಟಿನಲ್ಲಿ ಗೆಳತಿಯ ಜೊತೆ ಕೂತಿದ್ದಳು. ಟೀಚರ್ ನನ್ನ ಕಿವಿಯ ಹತ್ತಿರ, ‘ಸೋಮವಾರ ಸಂಜೀಕ ನಿಮ್ಮನಿಗಿ ಊಟಕ್ಕ ಬರ್ತೇನಿ. ನಿಮ್ಮ ಅತ್ತಿಯವರಿಗೆ ಹೇಳ್ರಿ’ ಎಂದರು.

‘ಯಾಕ್ರಿ, ಏನಾತು?’

‘ಹಸಿವಿ ಆದ ಹುಡುಗುರ ಕಣ್ಣು ಮಂದಿ ಡಬ್ಬಿ ಮ್ಯಾಲೆ ಇರತಾವ್ರಿ. ನಿಮ್ಮ ಹುಡುಗಿ ಮಧ್ಯಾಹ್ನ ಡಬ್ಬಿ ಬಿಟ್ಟು ಎಲ್ಲಾ ಕಡೆ ನೋಡ್ತಾಳ. ಆಕಿ ಹಸಿವಿನ ಜೋಡಿ ಕುಸ್ತಿ ಹಿಡಿದಾಳ.’

ನಂತರ ಅವರು ತಮ್ಮ ಕಥೆಯೊಂದನ್ನು ಹೇಳಿದರು. ನಾನು ಅವರಿಂದ ಅದನ್ನು ಕೇಳಿದ್ದು ಆ ಒಂದೇ ಸಲ. ಪಿ.ಟಿ. ಕಾಲೇಜಿನಲ್ಲಿದ್ದಾಗ ಇನ್ನಷ್ಟು ಹಗುರಾದರೆ ಇನ್ನಷ್ಟು ಜೋರು ಓಡುತ್ತೇನೆ ಎಂದು ಇವರೂ ಊಟ ಬಿಟ್ಟಿದ್ದರಂತೆ. ಕೂದಲು ಉದುರಿತು, ತಿಂಗಳ ಮುಟ್ಟು ನಿಂತಿತು, ಕೊನೆಗೆ ಓಡುವ ಕಾಲುಗಳೇ ನಡುಗತೊಡಗಿದವು. ‘ರಜಾಕ್ಕ ಊರಿಗೆ ಹೋದ್ರ ಎಲ್ಲಾರೂ ಎಷ್ಟ ಚಂದ ಸಣ್ಣ ಆಗೀದಿ ಅಂದರ್ರಿ. ಏನ್ ಉಂಡಿ ಅಂತ ಒಬ್ಬರರೆ ಕೇಳಬೇಕಿಲ್ಲೋ?’ ಎಂದರು. ಎಂದವರೇ ಕಿಟಕಿಯ ಕಡೆ ತಿರುಗಿದರು. ತೊಗರಿ ಹೊಲಗಳು ಹಸಿರಾಗಿದ್ದವು.

ಸೋಮವಾರ ಬಂದರು. ಬಿಳಿ ಬೂಟು ಬಾಗಿಲಲ್ಲಿ ಬಿಟ್ಟು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಅತ್ತೆಯ ಪಕ್ಕದಲ್ಲೇ ಊಟಕ್ಕೆ ಕೂತರು. ಪುಂಡಿಪಲ್ಯ, ರೊಟ್ಟಿ, ಹೆಸರುಕಾಳು, ಮೊಸರು. ಗಡಿಬಿಡಿಯಿಲ್ಲದೆ, ಸಂತೋಷವಾಗಿ ಉಂಡರು. ಪಲ್ಲವಿ ತುಂಡು ರೊಟ್ಟಿಯನ್ನು ಮುಂದಿಟ್ಟುಕೊಂಡು ಬೆರಳಿನಿಂದ ಪುಡಿ ಮಾಡುತ್ತಿದ್ದಳು. ಉಂಡಾದ ಮೇಲೆ ಅತ್ತೆ ತಮ್ಮ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಒಂದು ಅಗುಳೂ ಬಿಡದಂತೆ ತೊಳೆದು ಆ ನೀರನ್ನು ಕುಡಿದರು. ಪ್ರಸಾದ ಕೆಡಬಾರದೆಂದು ಹಳೆಯ ಮಂದಿ ನಮ್ಮಲ್ಲಿ ಹೀಗೆ ಮಾಡುತ್ತಾರೆ, ನಮಗೆ ಬಿಟ್ಟುಹೋಗಿದೆ. ಟೀಚರೂ ಹಾಗೆಯೇ ತೊಳೆದು ಕುಡಿದರು. ಅತ್ತೆಯ ಮುಖ ಅರಳಿತು. ಆಗ ಟೀಚರ್ ಮಾತು ತೆಗೆದರು.

‘ಅಮ್ಮಾರ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಒಪ್ಪತ್ತು ದೇವರ ಸಲುವಾಗಿ. ಈಕಿದು ಕನ್ನಡಿ ಸಲುವಾಗಿ. ಎರಡೂ ಒಂದ ಅಂತ ತಿಳಕೊಂಡೀರಿ.’

ಅತ್ತೆಯ ಮುಖ ಕೆಂಪಾಯಿತು. ‘ಟೀಚರ, ದೇವರ ಹೆಸರ್ಲೆ ಹಿಡಿದದ್ದು ಅದು. ನಡುವ ಬಿಡಸಾಕ ಬಂದೀರೇನ್ರಿ ನೀವು?’

‘ಯಾರ ಹೆಸರ್ಲೆ ಹಿಡಿದಾಳ, ಆಕಿನ್ನ ಕೇಳ್ರಿ. ನಾ ಏನೂ ಹೇಳಂಗಿಲ್ಲ.’

ಎಲ್ಲರೂ ಪಲ್ಲವಿಯನ್ನು ನೋಡಿದೆವು. ಆ ಹುಡುಗಿಯ ಕಷ್ಟ ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಹುಟ್ಟಿದಾಗಿನಿಂದ ಆಕೆಯ ಮೈಯನ್ನು ನೋಡಿ ಜನ ನಕ್ಕಿದ್ದರು. ಈ ಕೆಲವು ದಿನ ಮಾತ್ರ ಕೈಮುಗಿದಿದ್ದರು. ಉಂಡರೆ ಅದೂ ಹೋಗುತ್ತದೆ. ಪಲ್ಲವಿ ತಲೆ ಕೆಳಗೆ ಹಾಕಿದಳು. ಆಮೇಲೆ ಅಳುತ್ತಾ ಹೇಳಿದಳು, ‘ಆಯಿ, ನಾ ಒಂದ ದಿನಾನೂ ದೇವರ ನೆನಸಿಲ್ಲ. ಬರೇ ಹೊಟ್ಟಿ ಯಾವಾಗ ಹೋಗತದ ಅಂತ ನೆನಸೇನಿ.’

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ಅಡುಗೆಮನೆಗೆ ಹೋದರು. ನಾನು ಹೆದರಿ ಅವರ ಹಿಂದೆಯೇ ಏಳಹೋದೆ. ಟೀಚರ್ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದರು. ಅತ್ತೆ ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡು, ಅದೇ ತೊಳೆದು ಕುಡಿದಿದ್ದ ತಾಟಿನಲ್ಲಿ ಪಲ್ಯ ಬಡಿಸಿಕೊಂಡು ಬಂದು ಪಲ್ಲವಿಯ ಎದುರಿಗೆ ಕೂತರು. ಮೊದಲ ತುತ್ತು ತಾವೇ ಬಾಯಿಗೆ ಹಾಕಿಕೊಂಡರು. ಲಗ್ನವಾಗಿ ಬಂದಾಗಿನಿಂದ ಒಂದು ಶ್ರಾವಣವನ್ನೂ ಕೆಡಿಸದವರು, ಒಮ್ಮೆ ಉಂಡೆದ್ದ ಮೇಲೆ ಎರಡನೆಯ ಸಲ ಉಂಡರು.

‘ನನ್ನ ಒಪ್ಪತ್ತು ಮುಗೀತು’ ಎಂದರು. ‘ದೇವರಿಗಿ ನಾ ಹೇಳಕೋತೇನಿ. ನಾಳಿಂದ ಮುಂಜಾನಿ ನನ್ನ ಜೋಡಿ ನೀ ಉಣ್ಣಬೇಕು, ನಿನ್ನ ಜೋಡಿ ನಾ ಉಣ್ಣತೇನಿ. ಬಾಯಿ ತಗಿ.’

ಪಲ್ಲವಿ ಬಾಯಿ ತೆಗೆದಳು. ಟೀಚರ್ ಸೆರಗಿನಿಂದ ಮೂಗು ಒರೆಸಿಕೊಂಡು, ಪಲ್ಯಕ್ಕೆ ಖಾರ ಜಾಸ್ತಿಯಾಗಿದೆ ಎಂದು ತಪ್ಪನ್ನು ನನ್ನ ಮೇಲೆ ಹಾಕಿದರು.

ಓಣಿಯಲ್ಲಿ ಮಾತಾಯಿತು. ಶರಣಿಯ ಶ್ರಾವಣ ಅರ್ಧಕ್ಕೇ ಮುರಿಯಿತು, ಅಜ್ಜಿಯೂ ಕೆಟ್ಟಳು ಎಂದರು. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: ‘ನನ್ನ ಮೊಮ್ಮಗಳ ಸಲುವಾಗಿ ಮುರದೇನಿ. ನಿಮ್ಮ ಗಂಟೇನ ಹೋತು?’

ಮರುದಿನವೇ ಟೀಚರ್ ನಮ್ಮನ್ನು ಸರಕಾರಿ ದವಾಖಾನೆಗೆ ಕಳಿಸಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ರಕ್ತ ಕಡಿಮೆ ಇದೆಯೆಂದು ಗುಳಿಗೆ ಬರೆದುಕೊಟ್ಟರು. ಬೆಳೆಯುವ ವಯಸ್ಸು, ಊಟ ಬಿಡಿಸಿದರೆ ನೀವೇ ಕಷ್ಟಪಡುತ್ತೀರಿ ಎಂದು ನನ್ನ ಮುಖ ನೋಡಿ ಹೇಳಿದರು. ಅಲ್ಲಿಂದ ಮುಂದೆ ಟೀಚರ ಆಳ್ವಿಕೆ ಶುರುವಾಯಿತು. ಪಲ್ಲವಿ, ‘ಟೀಚರ್, ನನಗ ಖರೇನ ಸಣ್ಣ ಆಗಬೇಕ್ರಿ’ ಎಂದಾಗ ಅವರು ತಪ್ಪು ಎನ್ನಲಿಲ್ಲ. ‘ಆಗೂಣು. ಆದ್ರ ಅವಸರ ಇಲ್ಲ. ಮೊದಲ ಗಟ್ಟಿ ಆಗು’ ಎಂದರು. ಆಕೆಗೆಂದು ಬೇರೆ ಅಡುಗೆ ಮಾಡಲು ಹೋದ ನನಗೆ ಬೈಗುಳ ಬಿತ್ತು. ‘ಒಂದ ತಾಟಿಗೆ ಕಾಯ್ದೆ ಮಾಡಬ್ಯಾಡ್ರಿ. ಮಾಡಿದ್ರ ಇಡೀ ಮನಿಗೆ ಮಾಡ್ರಿ.’ ಹಾಗಾಗಿ ನಮ್ಮ ಮನೆಯವರ ಚಹಾದ ಸಕ್ಕರೆ ಕಡಿಮೆಯಾಯಿತು, ಅವರು ಅದಕ್ಕೆ ಸೀಟಿ ಟೀಚರನ್ನು ಬಹಳ ದಿನ ಶಪಿಸಿದರು. ಬೆಣ್ಣೆಯ ಮುದ್ದೆ ಬೆರಳ ತುದಿಗೆ ಬಂತು. ತಾಟಿನಲ್ಲಿ ಕಾಳು, ಸೊಪ್ಪು, ಮೂಲಂಗಿ ಹೆಚ್ಚಾದವು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಆಟೋ ಬಿಟ್ಟು ನಡೆದೆವು. ಟೀಚರೂ ತಮ್ಮ ಮನೆ ಬೇರೆ ದಿಕ್ಕಿನಲ್ಲಿದ್ದರೂ ಏದುಸಿರು ಬಿಡುತ್ತಾ ನಮ್ಮ ಜೊತೆಗೆ ಒಂದಷ್ಟು ದೂರ ಬರುವರು. ಮಿರ್ಚಿ ಭಜ್ಜಿಯನ್ನು ಮಾತ್ರ ಅವರು ತೆಗೆಯಲಿಲ್ಲ. ಸಂತೆಯ ದಿನ, ಅಂಗಡಿಯ ಬೆಂಚಿನ ಮೇಲೆ ಎಲ್ಲರೂ ಕೂತು, ನಗುತ್ತಾ ತಿನ್ನಬೇಕು. ಕದ್ದು ತಿನ್ನಬಾರದು, ತಿಂದು ಅಳಬಾರದು.

ಆಟದಲ್ಲಿ ಆಕೆಯನ್ನು ಓಡಿಸಲು ಅವಸರ ಮಾಡಲಿಲ್ಲ. ಗುಳಿಗೆ ತಿಂದು, ಹೊಟ್ಟೆ ತುಂಬ ಉಂಡು ಮೈಗೆ ಕಸುವು ಬಂದ ಮೇಲೆ ಸೀಟಿಯನ್ನು ವಾಪಸು ತೆಗೆದುಕೊಂಡು ಸಾಲಿನಲ್ಲಿ ಕೂರಿಸಿದರು. ತೂಕದ ಯಂತ್ರವನ್ನು ಮನೆಗೆ ತರುತ್ತೇನೆ ಎಂದು ನಾನು ಹೇಳಿದರೆ, ‘ಹುಡುಗಿನ್ನ ಮನಿಯಾಗ ಇಟ್ಟಕೋರಿ, ತಕ್ಕಡಿ ಅಂಗಡ್ಯಾಗ ಇರಲಿ’ ಎಂದರು. ದೀಪಾವಳಿಗೆ ಜೇವರ್ಗಿಗೆ ಹೋಗಿ ಬಂದ ಪಲ್ಲವಿ ಶೇಂಗಾ ಹೋಳಿಗೆ, ಕರದಂಟು ಎಲ್ಲ ಹೊಡೆದು ಮುಖ ಊದಿಸಿಕೊಂಡು, ನಾಳೆಯಿಂದ ಊಟ ಬಿಡುತ್ತೇನೆ ಎಂದು ಕೂತಳು. ನಾನು ಹೆದರಿ ಟೀಚರಿಗೆ ಹೇಳಿದೆ. ಅವರು ಆಕೆಯ ತಲೆಯ ಮೇಲೆ ಕೈಯಾಡಿಸಿ, ‘ಹಬ್ಬ ಬಂತು, ಉಂಡಿ. ಹಬ್ಬ ಹೋತು. ನಡಿ ಬೇ, ಆಡೂಣು’ ಎಂದರು. ಅಷ್ಟೇ.

ನನ್ನ ಮೇಲೆ ಅವರು ನಿಜವಾಗಿ ರೇಗಿದ್ದು ಒಂದು ಸಲ. ವರ್ಷ ಕಳೆದಿತ್ತು. ಪಲ್ಲವಿ ಎತ್ತರವಾಗಿದ್ದಳು, ಹಳೆಯ ಚೂಡಿದಾರ ಸೊಂಟದಲ್ಲಿ ಸಡಿಲವಾಗಿತ್ತು, ಖೋ ಬಿದ್ದರೆ ಯಾರ ಹೆಗಲೂ ಹಿಡಿಯದೆ ಏಳುತ್ತಿದ್ದಳು. ಸಂತೋಷ ತಡೆಯದೆ ನಾನು ಮೈದಾನದಲ್ಲೇ, ‘ಎಷ್ಟ ಸಣ್ಣ ಆಗೀದಿ ಪಲ್ಲು!’ ಎಂದುಬಿಟ್ಟೆ. ಟೀಚರ್ ನನ್ನ ಮುಖದೆದುರೇ ಸೀಟಿ ಊದಿದರು. ಮಕ್ಕಳೆಲ್ಲ ನಿಂತು ನೋಡಿದರು. ‘ಆ ಮಾತು ಬ್ಯಾಡ್ರಿ ಟೀಚರ. ನಾಳಿ ಜರಾ ಹೆಚ್ಚಾದ್ರ ನೀವು ಸುಮ್ಮನಾಗ್ತೀರಿ, ಆಕಿಗೆ ಅದು ಕೇಳಸ್ತದ. ಜೋರ ಓಡಿದಿ ಅನ್ರಿ. ಆಕಿ ಜೋರ ಓಡ್ಯಾಳ.’ ಹೌದು, ಜೋರಾಗಿ ಓಡಿದ್ದಳು. ಅದನ್ನೇ ಹೇಳಿದೆ. ಪಲ್ಲವಿ ನಕ್ಕಳು. ಆ ತೊಟ್ಟಿಲ ಕಾರ್ಯದ ನಗೆಯಲ್ಲ, ಬೇರೆ ನಗೆ.

ಪಲ್ಲವಿ ಕೋಲಿನಂತೇನೂ ಆಗಲಿಲ್ಲ. ಈಗಲೂ ಅಗಲ ಭುಜದ, ಗಟ್ಟಿ ಹೆಜ್ಜೆಯ ಹುಡುಗಿ. ಕಲಬುರಗಿಯಲ್ಲಿ ಡಿಗ್ರಿ ಓದುತ್ತಾಳೆ, ಕಾಲೇಜಿನ ಖೋಖೋ ತಂಡದಲ್ಲಿದ್ದಾಳೆ. ಟೀಚರ್ ನಿವೃತ್ತಿಯಾಗಿ, ಗಂಡ ಹೋದ ಮೇಲೆ ಮಗ ಸೊಸೆಯ ಜೊತೆ ಇರಲು ಅಫಜಲಪುರಕ್ಕೆ ಹೋದರು. ಆಮೇಲೆ ಜಡ್ಡು ಬಂತು. ದೊಡ್ಡ ಜಡ್ಡು, ಹೆಸರು ಹೇಳಲು ಎಲ್ಲರೂ ಹೆದರುವಂಥದ್ದು.

ಜಡ್ಡಿನ ಸುದ್ದಿ ತಿಳಿದು ಪಲ್ಲವಿ ಕಲಬುರಗಿಯಿಂದ ಆಳಂದಕ್ಕೆ ಬಂದಳು. ಮರುದಿನ ಬೆಳಿಗ್ಗೆ ಇಬ್ಬರೂ ಅಫಜಲಪುರದ ಬಸ್ಸು ಹತ್ತಿದೆವು. ಅತ್ತೆ ಕಾಲು ನೋವಿನಿಂದ ಬರಲಾರದೆ, ಮೆತ್ತಗಿನ ರೊಟ್ಟಿ ಬಡಿದು, ಹೆಸರುಬೇಳೆ ಕುದಿಸಿ ಡಬ್ಬಿ ಕಟ್ಟಿಕೊಟ್ಟಿದ್ದರು. ಹೋಗಿ ನೋಡಿದರೆ ಮಂಚದ ಮೇಲೆ ಟೀಚರ್ ಇದ್ದರು, ಅವರ ಮೈ ಇರಲಿಲ್ಲ. ಬಿಳಿ ಬೂಟು ಮಾತ್ರ ಮಂಚದ ಕೆಳಗೆ ಹಾಗೇ ಇದ್ದವು. ನಮಗಿಂತ ಮೊದಲು ಬಂದ ನೆಂಟರು ಸೆರಗು ಬಾಯಿಗೆ ಹಚ್ಚಿ, ‘ಎಷ್ಟ ಸೊರಗೀರಿ, ಹೆಂಗಿದ್ದವರು ಹೆಂಗಾದ್ರಿ’ ಎನ್ನುತ್ತಿದ್ದರು. ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ಸೊಸೆ ನನ್ನನ್ನು ಬಾಗಿಲ ಹತ್ತಿರ ಕರೆದು, ‘ಊಟ ಬಿಟ್ಟಾರ್ರಿ. ಡಾಕ್ಟರು ಎಷ್ಟು ಸೇರತದ ಅಷ್ಟು ಕೊಡ್ರಿ ಅಂದಾರ. ಯಾರ ಕೇಳಿದ್ರೂ ಉಂಡೇನಿ ಅಂತಾರ, ಮಾರಿ ತಿರಗಸ್ತಾರ’ ಎಂದಳು.

ನೆಂಟರು ಎದ್ದು ಹೋದ ಮೇಲೆ ಪಲ್ಲವಿ ಮಂಚದ ಪಕ್ಕ ಕೂತಳು. ಸೊರಗೀರಿ ಎನ್ನಲಿಲ್ಲ. ಹೇಗಿದ್ದೀರಿ ಎಂದೂ ಕೇಳಲಿಲ್ಲ.

‘ಉಂಡ್ರಿ, ಟೀಚರ್?’

‘ಉಂಡೇನಿ ಬೇ’ ಎಂದರು, ಕಣ್ಣು ತೆರೆಯದೆ.

‘ಏನ್ ಉಂಡ್ರಿ?’

ಟೀಚರ್ ಕಣ್ಣು ತೆರೆದರು. ಪಲ್ಲವಿ ಸುಮ್ಮನೆ ಕೂತಿದ್ದಳು, ಉತ್ತರಕ್ಕಾಗಿ ಕಾಯುತ್ತಾ. ಆಕೆ ಬೇಕಾದರೆ ಸಂಜೆಯ ತನಕ ಕಾಯುತ್ತಾಳೆಂದು ನನಗೆ ಗೊತ್ತಿತ್ತು, ಟೀಚರಿಗೂ ಗೊತ್ತಾಯಿತು. ಮೆಲ್ಲಗೆ ಅವರ ಹೊಟ್ಟೆ ಅಲುಗಿತು. ಸದ್ದಿಲ್ಲದೆ ನಗುತ್ತಿದ್ದರು.

‘ಡಬ್ಬಿಯೊಳಗ ಏನ್ ತಂದೀದಿ? ಕೊಡು ಜರಾ.’

ಪಲ್ಲವಿ ತಾಟಿನಲ್ಲಿ ರೊಟ್ಟಿ ಮುರಿದು, ಬೇಳೆ ಹಾಕಿ ಮೆತ್ತಗೆ ಕಲಸಿ ಸಣ್ಣ ಸಣ್ಣ ತುತ್ತು ಮಾಡಿ ಬಾಯಿಗಿಟ್ಟಳು. ಕೆಲವು ತುತ್ತು ಹೋದವು. ಸೊಸೆ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. ಸಾಕೆಂದು ಕೈಯೆತ್ತಿದ ಟೀಚರ್ ಪಲ್ಲವಿಯ ಮುಖ ನೋಡಿ, ‘ನೀ ಉಂಡಿ?’ ಎಂದು ಕೇಳಿದರು.

ಪಲ್ಲವಿಯ ಬಾಯಲ್ಲಿ ‘ಉಂಡೇನ್ರಿ’ ಬಂದಿತ್ತು. ನಾನು ಕಂಡೆ. ಅದನ್ನು ನುಂಗಿ, ‘ಇಲ್ರಿ ಟೀಚರ್. ಮುಂಜಾನಿಂದ ಏನೂ ಇಳದಿಲ್ಲ’ ಎಂದಳು.

ಟೀಚರ್ ಎಲುಬಿನ ಕೈಯಿಂದ ತಾಟನ್ನು ಆಕೆಯ ಕಡೆ ಸರಿಸಿದರು. ಬಹಳ ನಿಧಾನಕ್ಕೆ ಸರಿಯಿತು ಅದು, ನಾವ್ಯಾರೂ ಸಹಾಯಕ್ಕೆ ಕೈಹಾಕಲಿಲ್ಲ. ಅವರು ಉಳಿಸಿದ್ದನ್ನೆಲ್ಲ ಪಲ್ಲವಿ ಅಳುತ್ತಲೇ ಉಂಡಳು. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಒಂದು ಅಗುಳೂ ಬಿಡದಂತೆ ತೊಳೆದು ಕುಡಿದಳು. ಅದನ್ನು ಯಾರೂ ಆಕೆಗೆ ಹೇಳಿರಲಿಲ್ಲ.